ಗಲ್ಯಾಕ್ಟಸ್, ಡಾರ್ಕ್‌ಸೈಡ್, ಥಾನೋಸ್, ಸ್ಕ್ರಲ್‌ಗಳು: ಕಾಮಿಕ್ಸ್‌ನ ಏಲಿಯನ್ ಖಳರಲ್ಲಿ ಯಾರು ದೊಡ್ಡವರು, ಹೇಗೆ ಹೋಲಿಸುವುದು?

ಈ ಖಳರಲ್ಲಿ ಯಾರು ದೊಡ್ಡವರು ಅಂತ ಕೇಳಿ, ಟೇಬಲ್ ಮಾಡಿ ಒಬ್ಬೊಬ್ಬರಿಗೂ ಅಂಕ ಕೊಡುತ್ತಿದ್ದೇನೆ ಅಂತ ನನಗೆ ಬರೆದಿದ್ದೀರಲ್ಲ, ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ನಾನೂ ಮಾಡಿದ್ದೆ. ಶಕ್ತಿ, ಸೈನ್ಯ, ತಂತ್ರಜ್ಞಾನ, ಬುದ್ಧಿ. ನಾಲ್ಕು ಕಾಲಂ, ಒಂದೊಂದಕ್ಕೆ 10 ಅಂಕ. ಗ್ರಹಗಳನ್ನೇ ತಿನ್ನುವ ಗಲ್ಯಾಕ್ಟಸ್‌ಗೆ 38, ಅಪೋಕೊಲಿಪ್ಸ್ ಗ್ರಹದ ಕ್ರೂರ ಒಡೆಯ ಡಾರ್ಕ್‌ಸೈಡ್‌ಗೆ 37, ಬೇಕಾದ ರೂಪ ತಾಳುವ ಸ್ಕ್ರಲ್‌ಗಳಿಗೆ 19. ಸ್ಕ್ರಲ್‌ಗಳು ಮೊದಲು ಬಂದದ್ದು 1962ರಲ್ಲಿ, ಫೆಂಟಾಸ್ಟಿಕ್ ಫೋರ್‌ನ ಎರಡನೇ ಸಂಚಿಕೆಯಲ್ಲಿ. ಅಲ್ಲಿ ಆ ಹೆಸರಿನ ವೀರರ ತಂಡದ ನಾಯಕ ರೀಡ್ ರಿಚರ್ಡ್ಸ್ ಕಾಮಿಕ್ಸ್ ಪುಸ್ತಕದ ರಾಕ್ಷಸರ ಚಿತ್ರಗಳನ್ನು ತೋರಿಸಿಯೇ ಅವರನ್ನು ಹೆದರಿಸಿ ಓಡಿಸುತ್ತಾನೆ. ಹಿಂದೆ ಉಳಿದ ಮೂವರು ಸ್ಕ್ರಲ್‌ಗಳು ಸಂಮೋಹನಕ್ಕೆ ಸಿಕ್ಕಿ ಹಸುಗಳಾಗುತ್ತಾರೆ. ಇಂಥವರಿಗೆ 19 ಜಾಸ್ತಿಯೇ ಆಯಿತು ಅಂದುಕೊಂಡಿದ್ದೆ.

ಟೇಬಲ್ ಸುಮ್ನೆ ಹವ್ಯಾಸಕ್ಕೆ ಅಂತ ಇದ್ದಿದ್ದರೆ ಪರವಾಗಿರಲಿಲ್ಲ. ಆಗ ನಾನೂ ಒಬ್ಬ ಗೆಳೆಯನೂ ಸೇರಿ ನಮ್ಮದೇ ಕಾಮಿಕ್ಸ್ ಮಾಡುತ್ತಿದ್ದೆವು. ಕಥೆ ನನ್ನದು, ಚಿತ್ರ ಅವನದು. ಟೇಬಲ್‌ನಲ್ಲಿ ಯಾರಿಗೆ ಯಾವುದರಲ್ಲಿ ಜಾಸ್ತಿ ಬಂದಿತ್ತೋ ಅದನ್ನೆಲ್ಲ ಹೆಕ್ಕಿ ಒಬ್ಬ ಖಳನನ್ನು ಕಟ್ಟಿದೆ. 40ಕ್ಕೆ 40. 22ನೇ ಪುಟದ ಹೊತ್ತಿಗೆ ನಮ್ಮ ನಾಯಕರೆಲ್ಲ ನೆಲಕಚ್ಚಿದ್ದರು. ಅವರನ್ನು ಎಬ್ಬಿಸುವ ದಾರಿ ನನಗೇ ಹೊಳೆಯಲಿಲ್ಲ. 23ನೇ ಪುಟದಲ್ಲಿ ಎಲ್ಲಿಂದಲೋ ಒಂದು ಮಹಾಸ್ತ್ರ ತಂದೆ.

"ಇಷ್ಟು ಹೊತ್ತು ಇದು ಎಲ್ಲಿತ್ತೋ?" ಅಂದ ಗೆಳೆಯ.

ನನ್ನ ಹತ್ತಿರ ಉತ್ತರ ರೆಡಿ ಇತ್ತು. 1966ರಲ್ಲಿ ಫೆಂಟಾಸ್ಟಿಕ್ ಫೋರ್ ಮಾಡುತ್ತಿದ್ದ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಮಾಡಿದ್ದೂ ಇದನ್ನೇ ಅಲ್ವಾ? ಗಲ್ಯಾಕ್ಟಸ್ ಭೂಮಿಯನ್ನು ತಿನ್ನಲು ಬಂದು ಯಂತ್ರ ಹೂಡುತ್ತಾನೆ. ರೀಡ್ ತಂಡದ ಜಾನಿ ಹೋಗಿ ಅವನ ಹಡಗಿನಿಂದಲೇ ಅಲ್ಟಿಮೇಟ್ ನಲ್ಲಿಫೈಯರ್ ಎಂಬ ಮಹಾಸ್ತ್ರ ತರುತ್ತಾನೆ. ರೀಡ್ ಅದನ್ನು ಹಿಡಿದು ನಿಲ್ಲುತ್ತಾನೆ, ಗಲ್ಯಾಕ್ಟಸ್ ವಾಪಸ್. ಮೂರೇ ಸಂಚಿಕೆ, 48ರಿಂದ 50.

ನಾನು ಎಡವಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ. ಆ ಕಥೆಗೆ ತಿರುವು ಸಿಗುವುದು ಅಸ್ತ್ರದಿಂದ ಅಲ್ಲ. ಗಲ್ಯಾಕ್ಟಸ್‌ಗೆ ಗ್ರಹ ಹುಡುಕಿಕೊಡುವ ದೂತ ಸಿಲ್ವರ್ ಸರ್ಫರ್ ಇದ್ದಾನಲ್ಲ, ಅವನು ಏಟು ತಿಂದು ಆಲಿಷಿಯಾ ಮಾಸ್ಟರ್ಸ್ ಎಂಬ ಕಣ್ಣು ಕಾಣದ ಶಿಲ್ಪಿಯ ಮನೆಯೊಳಗೆ ಬಂದು ಬೀಳುತ್ತಾನೆ. ಅವಳು ಅವನ ಜೊತೆ ಮಾತಾಡುತ್ತಾಳೆ, ಅಷ್ಟೇ. ಆ ಮಾತಿಗೆ ಅವನ ಮನಸ್ಸು ಕರಗುತ್ತದೆ, ಒಡೆಯನ ವಿರುದ್ಧವೇ ತಿರುಗಿ ಬೀಳುತ್ತಾನೆ. ಅವನು ಅಲ್ಲಿ ಹೊಡೆದಾಡಿ ತಡೆದು ನಿಲ್ಲಿಸಿದ್ದರಿಂದಲೇ ಜಾನಿಗೆ ಹೋಗಿಬರಲು ಸಮಯ ಸಿಕ್ಕಿದ್ದು. ನನ್ನ ಟೇಬಲ್‌ನಲ್ಲಿ ಈ ಸರ್ಫರ್ ಎಲ್ಲಿದ್ದ ಗೊತ್ತಾ? ಗಲ್ಯಾಕ್ಟಸ್‌ನ 'ಸೈನ್ಯ' ಕಾಲಂನಲ್ಲಿ. 8 ಅಂಕ ತಂದುಕೊಟ್ಟಿದ್ದ. ಖಳನಿಗೆ ತಿರುಗಿಬಿದ್ದವನನ್ನೇ ನಾನು ಖಳನ ಬಲಕ್ಕೆ ಕೂಡಿಸಿದ್ದೆ!

ಇನ್ನೊಂದು ಹೇಳಿಬಿಡುತ್ತೇನೆ. 9ನೇ ಪುಟದಲ್ಲಿ ಗೆಳೆಯ ತಾನಾಗಿಯೇ ಒಬ್ಬ ಪುಟ್ಟ ಸೈನಿಕನನ್ನು ಬರೆದಿದ್ದ. ಖಳನ ಬೆನ್ನ ಹಿಂದೆ ನಿಂತು, ಉರಿಯುವ ಊರನ್ನು ನೋಡಲಾರದೆ ಮುಖ ತಿರುಗಿಸಿಕೊಂಡವನು. ಅಳಿಸು ಅಂದೆ. ಅವನಿದ್ದರೆ ಖಳನ ಮೇಲೆ ಕಣ್ಣು ನಿಲ್ಲುವುದಿಲ್ಲ ಅಂತ ನನ್ನ ವಾದ. ಅಳಿಸಿದ. ಕಥೆಗೆ ಬೇಕಿದ್ದ ದಾರಿ ಆ ಸೈನಿಕನೇ ಆಗಿದ್ದ. ನನಗೆ ಅದು ಹೊಳೆದು, ಮೊದಲಿಂದ ಮತ್ತೆ ಮಾಡೋಣ ಅನ್ನುವಷ್ಟರಲ್ಲಿ ಅವನಿಗೆ ಸಾಕಾಗಿತ್ತು. ಎಂಟು ತಿಂಗಳ ಕೆಲಸ. ಈಗಲೂ ಮಾತಾಡುತ್ತೇವೆ. ಕಾಮಿಕ್ಸ್ ವಿಷಯ ಮಾತ್ರ ಇಬ್ಬರೂ ಎತ್ತುವುದಿಲ್ಲ.

ಹಾಗಾಗಿ ಯಾರು ಬಲಶಾಲಿ ಅನ್ನುವ ಪ್ರಶ್ನೆಯನ್ನೇ ಬಿಡಿ. ಬಂದವನಿಗೆ ಏನು ಬೇಕು ಅಂತ ನೋಡಿ. ಗಲ್ಯಾಕ್ಟಸ್ ದಾಳಿಕೋರನೇ ಅಲ್ಲ, ಹಸಿದು ಬಂದವನು. ನಮ್ಮ ಮೇಲೆ ಅವನಿಗೆ ದ್ವೇಷವೂ ಇಲ್ಲ. 1958ರಲ್ಲಿ ಬಂದ, ಸೂಪರ್‌ಮ್ಯಾನ್‌ನ ಎದುರಾಳಿ ಬ್ರೈನಿಯಾಕ್ ನಗರಗಳನ್ನು ಕುಗ್ಗಿಸಿ ಬಾಟಲಿಯಲ್ಲಿಡುತ್ತಾನೆ. ಡಾರ್ಕ್‌ಸೈಡ್ ಹುಡುಕುವುದು ಆ್ಯಂಟಿ-ಲೈಫ್ ಸಮೀಕರಣವನ್ನು. ಅದು ಕೈಗೆ ಸಿಕ್ಕರೆ ಯಾರಿಗೂ ಸ್ವಂತ ಇಚ್ಛೆ ಅನ್ನುವುದೇ ಉಳಿಯುವುದಿಲ್ಲ. ಇವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುತ್ತೀರಿ? ಥಾನೋಸ್‌ನನ್ನಂತೂ ಪಟ್ಟಿಯಿಂದ ತೆಗೆದುಬಿಡಿ. ಶನಿಗ್ರಹದ ಉಪಗ್ರಹ ಟೈಟನ್‌ನಲ್ಲಿ ಹುಟ್ಟಿದವನು, ಏಲಿಯನ್ನೇ ಸರಿ. ಆದರೆ 1991ರ ಕಾಮಿಕ್ಸ್‌ನಲ್ಲಿ ಅವನು ಬ್ರಹ್ಮಾಂಡದ ಅರ್ಧ ಜೀವಿಗಳನ್ನು ಇಲ್ಲವಾಗಿಸುವುದು ಸಾವು ಎಂಬ ಹೆಣ್ಣನ್ನು ಮೆಚ್ಚಿಸಲು, ನಮ್ಮಿಂದ ಅವನಿಗೆ ಏನೂ ಬೇಕಿಲ್ಲ. ಸಿನಿಮಾ ನೋಡಿ ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತದೆ.

ನನ್ನ ಮಟ್ಟಿಗೆ ಈಗ ಸ್ಕ್ರಲ್‌ಗಳೇ ಎಲ್ಲರಿಗಿಂತ ಮೇಲೆ. ಹೌದು, ಅದೇ ಹಸುಗಳು. 2008ರ ಕಥೆಯಲ್ಲಿ ಅವರ ರಾಣಿ ವೆರಾಂಕೆ ಸ್ಪೈಡರ್-ವುಮನ್ ರೂಪದಲ್ಲಿ ಅವೆಂಜರ್ಸ್ ಎಂಬ ವೀರರ ತಂಡದ ಜೊತೆಯಲ್ಲೇ ಓಡಾಡಿಕೊಂಡಿರುತ್ತಾಳೆ. ಹಡಗುಗಳು ಇಳಿಯುವ ಮೊದಲೇ ಪಕ್ಕದಲ್ಲಿರುವವರನ್ನು ನಂಬುವ ಹಾಗಿಲ್ಲ. ಇದಕ್ಕೆ ಯಾವ ಕಾಲಂನಲ್ಲಿ ಅಂಕ ಹಾಕುತ್ತೀರಿ?

ಬಿಡುವಾದಾಗ 1960ರ ಸ್ಟಾರೋ ಕಥೆಯನ್ನೂ ಓದಿ. ಖಳ ಒಂದು ದೈತ್ಯ ನಕ್ಷತ್ರಮೀನು. ಜಸ್ಟಿಸ್ ಲೀಗ್ ಎಂಬ ವೀರರ ತಂಡ ಮೊದಲ ಸಲ ಕಾಣಿಸಿಕೊಂಡ ಕಥೆ ಅದು. ಅಷ್ಟು ಜನ ವೀರರು ಸೇರಿದರೂ ಕೊನೆಗೆ ಕೆಲಸಕ್ಕೆ ಬರುವುದು ಸುಣ್ಣ. ಹುಲ್ಲಿಗೆ ಸುಣ್ಣ ಹಾಕುತ್ತಿದ್ದ ಒಬ್ಬ ಹುಡುಗನ ಮೇಲೆ, ಜನರ ಮನಸ್ಸನ್ನೇ ವಶ ಮಾಡಿಕೊಳ್ಳುವ ಸ್ಟಾರೋನ ಆಟ ನಡೆಯುವುದಿಲ್ಲ!

ಗಲ್ಯಾಕ್ಟಸ್ ಮತ್ತು ಡಾರ್ಕ್‌ಸೈಡ್ ಎದುರಾದರೆ ಯಾರು ಗೆಲ್ಲುತ್ತಾರೆ ಅಂತಲೂ ಕೇಳಿದ್ದೀರಿ. 1995ರಲ್ಲಿ ಗಲ್ಯಾಕ್ಟಸ್‌ನ ಪ್ರಕಾಶಕರು ಮಾರ್ವೆಲ್, ಡಾರ್ಕ್‌ಸೈಡ್‌ನ ಪ್ರಕಾಶಕರು ಡಿಸಿ ಎರಡೂ ಸೇರಿ ಅದನ್ನೂ ತೋರಿಸಿವೆ. ಗಲ್ಯಾಕ್ಟಸ್ ಡಾರ್ಕ್‌ಸೈಡ್‌ನ ಅಪೋಕೊಲಿಪ್ಸ್‌ಗೇ ಹೋಗಿ ಯಂತ್ರ ಹೂಡುತ್ತಾನೆ. ಅಲ್ಲಿ ಅವನಿಗೆ ತಿನ್ನುವಂಥದ್ದು ಏನೂ ಉಳಿದಿರುವುದಿಲ್ಲ. ಹಸಿದ ಹೊಟ್ಟೆಯಲ್ಲೇ ವಾಪಸ್ ಹೋಗುತ್ತಾನೆ.