ಸಿಲ್ವರ್ ಓಕ್ ನೆರಳಿಗೆ ಎಂಥ ಜೂಮ್ ಲೆನ್ಸ್?

ಪ್ರಶ್ನೆ: ನನ್ನ ಹತ್ತಿರ ಕ್ಯಾನನ್ 1500ಡಿ ಕ್ಯಾಮೆರಾ ಇದೆ. ಜೊತೆಗೆ ಬಂದ 18-55 ಲೆನ್ಸ್ ಬಿಟ್ಟರೆ ಬೇರೆ ಇಲ್ಲ. ನಮ್ಮ ಕಾಫಿ ತೋಟದ ಅತ್ತಿ ಮರಕ್ಕೆ ಮಂಗಟ್ಟೆ ಹಕ್ಕಿಗಳು ಬರುತ್ತವೆ. ಬೇಸಿಗೆಯಲ್ಲಿ ಹಾಕಿ ಪಂದ್ಯಗಳ ಫೋಟೊ ತೆಗೆಯುವ ಆಸೆಯೂ ಇದೆ. ಕೈಯಲ್ಲಿರುವುದು 12 ಸಾವಿರ ರೂಪಾಯಿ. ಪರಿಚಯದವರೊಬ್ಬರು ‘75-300 ತಗೊಳ್ಳಿ, 250ಕ್ಕಿಂತ 300 ಜಾಸ್ತಿ ಅಲ್ವಾ’ ಅನ್ನುತ್ತಾರೆ. ತೆಗೆದುಕೊಳ್ಳಲೇ?
– ಓದುಗರು, ಪೊನ್ನಂಪೇಟೆ

ಉತ್ತರ: ಬೇಡ. ಆ ದುಡ್ಡಿಗೆ ಒಬ್ಬರು ಬಳಸಿದ 55-250 ಐಎಸ್ ಎಸ್‌ಟಿಎಂ ಲೆನ್ಸ್ ಹುಡುಕಿ. ಎಸ್‌ಟಿಎಂ ಅಂದರೆ ಸದ್ದು ಮಾಡದೆ ಫೋಕಸ್ ಮಾಡುವ ಮೋಟರ್, ಐಎಸ್ ಏನೆಂದು ಮುಂದೆ ಹೇಳುತ್ತೇನೆ.

ಈ ಅಂಕಿಗಳು ಮಿಲಿಮೀಟರ್ ಲೆಕ್ಕದ ಫೋಕಲ್ ಲೆಂತ್. ಅದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. 300 ಜಾಸ್ತಿ ಅನ್ನುವುದು ನಿಜ. ಎಷ್ಟು ಜಾಸ್ತಿ ಅಂತ ಲೆಕ್ಕ ಹಾಕೋಣ. ಮಲಬಾರ್ ಬೂದು ಮಂಗಟ್ಟೆ ಸುಮಾರು 45 ಸೆಂಟಿಮೀಟರ್ ಉದ್ದದ ಹಕ್ಕಿ. ಅದು 15 ಮೀಟರ್ ದೂರದ ಕೊಂಬೆಯಲ್ಲಿ ಅಡ್ಡಕ್ಕೆ ಕೂತಿದೆ ಅಂದುಕೊಳ್ಳಿ. 250ರಲ್ಲಿ ತೆಗೆದರೆ ಚಿತ್ರದ ಅಗಲದ ಮೂರನೇ ಒಂದು ಪಾಲು ತುಂಬುತ್ತದೆ. ಅಂದರೆ ನಿಮ್ಮ ಕ್ಯಾಮೆರಾದಲ್ಲಿ ಸುಮಾರು 2,000 ಪಿಕ್ಸೆಲ್. 300ರಲ್ಲಿ 2,400. ಮರದ ಕಡೆಗೆ ಎರಡೂವರೆ ಮೀಟರ್ ನಡೆದರೆ ಆ ವ್ಯತ್ಯಾಸ ಮುಗಿಯಿತು.

ನಿಜವಾದ ಸಮಸ್ಯೆ ಬೆಳಕು. ಸಿಲ್ವರ್ ಓಕ್, ಬಳಂಜಿ, ಅತ್ತಿ ಎಲ್ಲ ಸೇರಿ ನಮ್ಮ ತೋಟಗಳಲ್ಲಿ ಬೆಳಗ್ಗೆ ಎಂಟು ಗಂಟೆಗೂ ಮಬ್ಬು. ಜೂಮ್ ಪೂರ್ತಿ ಚಾಚಿದಾಗ ಈ ಎರಡೂ ಲೆನ್ಸ್ ತೆರೆಯುವುದು ಎಫ್ 5.6ರವರೆಗೆ ಮಾತ್ರ. ಎಫ್ ಅಂಕಿ ಸಣ್ಣದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು. ಎಫ್ 2.8 ಲೆನ್ಸ್ ಇದರ ನಾಲ್ಕು ಪಟ್ಟು ಬೆಳಕು ಕೊಡುತ್ತದೆ, ಆದರೆ ಅದರ ಬೆಲೆ ನಮಗೆ ಬೇಡ ಬಿಡಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600 ಇಟ್ಟರೂ ಮಂಜಿನ ದಿನ ಆ ನೆರಳಲ್ಲಿ 1/125 ಸೆಕೆಂಡಿನ ಶಟರ್ ವೇಗ ಸಿಕ್ಕರೆ ಪುಣ್ಯ. 300ರಲ್ಲಿ ಕೈ ನಡುಕ ಕಾಣಬಾರದು ಅಂದರೆ ಸುಮಾರು 1/500 ಬೇಕು. ಅಂಗಡಿಯಲ್ಲಿ ಸಿಗುವ 75-300ರಲ್ಲಿ ಐಎಸ್ ಇಲ್ಲ, ಅಂದರೆ ನಡುಕ ತಡೆಯುವ ಏರ್ಪಾಡೇ ಇಲ್ಲ. 55-250ರಲ್ಲಿ ಇದೆ. ಕೂತ ಹಕ್ಕಿಯ ಮಟ್ಟಿಗೆ ಇದು ದೊಡ್ಡ ಉಪಕಾರ. ತೂಕವೂ 375 ಗ್ರಾಂ ಅಷ್ಟೇ, ತೋಟದ ಏರಿ ಹತ್ತುವಾಗ ಕುತ್ತಿಗೆಗೆ ಭಾರ ಅನಿಸುವುದಿಲ್ಲ.

ಹಾಕಿಗೆ ಐಎಸ್‌ನಿಂದ ಲಾಭವಿಲ್ಲ. ಅದು ನಿಮ್ಮ ಕೈ ನಡುಕ ತಡೆಯುತ್ತದೆ, ಓಡುವ ಆಟಗಾರನನ್ನಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಹಬ್ಬ ಬೇಸಿಗೆಯಲ್ಲೇ ನಡೆಯುವುದರಿಂದ ಬಿಸಿಲಿಗೆ ಕೊರತೆ ಇಲ್ಲ. 1/1000 ಇಡಿ, ನಡುವಿನ ಫೋಕಸ್ ಬಿಂದು ಒಂದನ್ನೇ ಬಳಸಿ, ಓಡುವವರನ್ನು ಬೆನ್ನಟ್ಟಿ ಫೋಕಸ್ ಮಾಡುತ್ತಲೇ ಇರುವ ಎಐ ಸರ್ವೊ ಹಾಕಿ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ ಮೂರೇ ಚಿತ್ರ ತೆಗೆಯುವುದು. ಸುಮ್ನೆ ಬಟನ್ ಒತ್ತಿ ಹಿಡಿಯುವುದಕ್ಕಿಂತ ಗೋಲಿನ ಪಕ್ಕ ಜಾಗ ಹಿಡಿದು ಕಾಯುವುದು ಮೇಲು.

ಎಸ್‌ಟಿಎಂ ಸಿಗದಿದ್ದರೆ ಹಳೆಯ 55-250 ಐಎಸ್ 2 ಕೂಡ ಆಗುತ್ತದೆ. ಎರಡು ಲೆನ್ಸಿನ ಕಿಟ್ ಕೊಂಡು, ಇದನ್ನು ಮುಟ್ಟದೇ ಇಟ್ಟವರು ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ಕೇಳಿ. ಈ ಹಳೆಯ ಲೆನ್ಸಿನ ಫೋಕಸ್ ಸ್ವಲ್ಪ ನಿಧಾನ, ಸದ್ದೂ ಜಾಸ್ತಿ. ಲೆನ್ಸಿನ ಮುಂದೆ ತಿರುಗಿಸಿ ಹಾಕುವ ‘ಟೆಲಿ’ ಗಾಜು, ಕೈಯಿಂದಲೇ ಫೋಕಸ್ ಮಾಡಬೇಕಾದ 420-800 ಉದ್ದ ಕೊಳವೆ, ಇವುಗಳ ತಂಟೆಗೆ ಹೋಗಬೇಡಿ.

ಇನ್ನು ನಮ್ಮೂರಿನ ಶತ್ರು: ಬೂಷ್ಟು. ಒಂದು ಮಳೆಗಾಲದಲ್ಲಿ ನನ್ನ ಲೆನ್ಸನ್ನು ಚರ್ಮದ ಚೀಲದಲ್ಲಿ ಹಾಕಿ ಬಟ್ಟೆಯ ಬೀರುವಿನಲ್ಲಿಟ್ಟಿದ್ದೆ. ಜೋಪಾನ ಮಾಡಿದೆ ಅಂದುಕೊಂಡಿದ್ದೆ. ಜೋರು ಮಳೆಯ ಕಕ್ಕಡ ತಿಂಗಳು ಕಳೆದು ತೆಗೆದು ನೋಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಬಿಳಿ ಕೂದಲಿನಂಥ ಎಳೆಗಳು, ಜೇಡರ ಬಲೆ ಹರಡಿದ ಹಾಗೆ. ಬಿಚ್ಚಿಸಿ ಒರೆಸಿದ್ದಾಯಿತು. ಗಾಜಿನ ಲೇಪ ತಿಂದ ಗುರುತು ಇವತ್ತಿಗೂ ಹೋಗಿಲ್ಲ. ಚರ್ಮವೂ ಬಟ್ಟೆಯೂ ತೇವ ಹೀರಿ ಹಿಡಿದುಕೊಳ್ಳುತ್ತವೆ ಅನ್ನುವುದು ಆಗ ಹೊಳೆಯಲೇ ಇಲ್ಲ.

ಆದ್ದರಿಂದ ಹಳೇ ಲೆನ್ಸ್ ಕೊಳ್ಳಲು ಹೋಗುವಾಗ ಕ್ಯಾಮೆರಾವನ್ನೂ ಒಯ್ಯಿರಿ. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಲೆನ್ಸನ್ನು ಓರೆ ಮಾಡಿ ಮುಂದಿನಿಂದ ನೋಡಿ. ನಾಲ್ಕು ಧೂಳಿನ ಚುಕ್ಕೆ ಇದ್ದರೆ ಚಿಂತೆ ಇಲ್ಲ. ಎಳೆ ಎಳೆಯಾಗಿಯೋ ಮಬ್ಬಾಗಿಯೋ ಕಂಡರೆ ಅರ್ಧ ಬೆಲೆಗೂ ಬೇಡ. ಆಮೇಲೆ ಕ್ಯಾಮೆರಾಗೆ ಹಾಕಿ, 250ಕ್ಕೆ ಚಾಚಿ, ಬಟನ್ ಅರ್ಧ ಒತ್ತಿ. ಐಎಸ್ ಸರಿಯಿದ್ದರೆ ಸಣ್ಣ ಗುಂಯ್ ಸದ್ದು ಕೇಳಿ, ಕಣ್ಣಿಗೆ ಕಾಣುವ ಚಿತ್ರ ನಿಂತಂತಾಗುತ್ತದೆ. ನೋಡಲು ಬಿಡದೆ ‘ಕೊರಿಯರ್ ಮಾಡುತ್ತೇನೆ, ಮೊದಲು ದುಡ್ಡು ಹಾಕಿ’ ಅನ್ನುವವರಿಗೆ ಕೈ ಮುಗಿದುಬಿಡಿ.

12 ಸಾವಿರವನ್ನೂ ಲೆನ್ಸಿಗೇ ಸುರಿಯಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶ ಮಾಪಕಕ್ಕೆ ಸ್ವಲ್ಪ ಎತ್ತಿಡಿ. ಮಾಪಕದ ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಸಿಲಿಕಾ ಹರಳುಗಳ ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿದರೆ ಮತ್ತೆ ಬಳಸಬಹುದು. ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿ ಹುಗಿಯುವವರಿದ್ದಾರೆ, ಅಕ್ಕಿಯ ಪುಡಿ ಜೂಮ್ ಒಳಗೆ ಸೇರುತ್ತದೆ. ಇನ್ನು ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿಡಲು ಹೋಗಬೇಡಿ. ಅಲ್ಲಿನ ಹೊಗೆ ಹಂದಿ ಮಾಂಸಕ್ಕೆ ಒಳ್ಳೆಯದು, ಲೆನ್ಸಿಗಲ್ಲ.