ರಾಷ್ಟ್ರೀಯ ರೈಫಲ್ ಸಂಸ್ಥೆ: ಅದು ಬಂದ ದಾರಿ, ನಮ್ಮ ಮಕ್ಕಳು ಹೋಗಬೇಕಾದ ದಾರಿ

ಅಣ್ಣಾವರೆ, ನಮಸ್ಕಾರ. ಎನ್‌ಸಿಸಿ ಶಿಬಿರದಲ್ಲಿ .22 ರೈಫಲ್ ಹಾರಿಸಿ ಬಂದ ಮಗಳು ಅದನ್ನೇ ಮುಂದುವರಿಸುತ್ತೇನೆ ಎನ್ನುತ್ತಿದ್ದಾಳೆ, ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ ಎಂಬುದು ಅಮೆರಿಕದ ಬಂದೂಕು ಸಂಘದ ಶಾಖೆಯೇ, ಅದರ ಸದಸ್ಯರಾದರೆ ತೊಗರಿ ಹೊಲಕ್ಕೆ ನುಗ್ಗುವ ಕಾಡುಹಂದಿಗೆಂದು ಬಂದೂಕಿನ ಲೈಸೆನ್ಸ್ ಸಿಗುತ್ತದೆಯೇ ಎಂದು ವಿಜಯಪುರದಿಂದ ತಾವು ಕೇಳಿದ್ದೀರಿ. ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಸಿಗುವುದಿಲ್ಲ. ಬೆಳೆ ರಕ್ಷಣೆಯ ಲೈಸೆನ್ಸಿಗೆ ಜಿಲ್ಲಾಧಿಕಾರಿಗಳ ಕಚೇರಿಗೇ ಅರ್ಜಿ ಹಾಕಬೇಕು, ಹಂದಿ ಹೊಡೆಯುವ ವಿಷಯದಲ್ಲಿ ಅರಣ್ಯ ಇಲಾಖೆಯ ನಿಯಮಗಳು ಬೇರೆಯೇ ಇವೆ. ಕ್ರೀಡೆಯನ್ನೂ ಹೊಲದ ಕಾವಲನ್ನೂ ದಯವಿಟ್ಟು ಒಂದೇ ಅರ್ಜಿಯಲ್ಲಿ ಬೆರೆಸಬೇಡಿ.

ಇನ್ನು ಸಂಸ್ಥೆಯ ವಿಷಯ. ಇದೇ ಹೆಸರಿನ ಸಂಘಗಳಲ್ಲಿ ಹಳೆಯದು ಇಂಗ್ಲೆಂಡಿನದು. ಫ್ರಾನ್ಸ್ ದಂಡೆತ್ತಿ ಬಂದೀತೆಂಬ ಭಯದಲ್ಲಿ ಅಲ್ಲಿನ ಜನ ಸ್ವಯಂಸೇವಕ ಪಡೆಗಳನ್ನು ಕಟ್ಟಿಕೊಂಡಾಗ, ಅವರಿಗೆ ಗುರಿ ಕಲಿಸಲೆಂದು 1859ರಲ್ಲಿ ಅದು ಹುಟ್ಟಿತು. ಮರುವರ್ಷ ವಿಂಬಲ್ಡನ್ನಿನಲ್ಲಿ ನಡೆದ ಮೊದಲ ಕೂಟವನ್ನು ವಿಕ್ಟೋರಿಯಾ ರಾಣಿಯೇ ಉದ್ಘಾಟಿಸಿದಳು. ರೈಫಲನ್ನು ಕಬ್ಬಿಣದ ಆಸರೆಗೆ ಬಿಗಿದು, ಅದರ ಟ್ರಿಗರಿಗೆ ಕಟ್ಟಿದ್ದ ದಾರವನ್ನು ಅವಳ ಕೈಗೆ ಕೊಟ್ಟಿದ್ದರು; ಅವಳು ದಾರ ಎಳೆದಾಗ ಗುಂಡು 400 ಗಜ ದೂರದ ಗುರಿಯ ನಡುಭಾಗಕ್ಕೆ ತೀರ ಸಮೀಪದಲ್ಲಿ ನಾಟಿತು. ಅಮೆರಿಕದ ಸಂಘ ಅಲ್ಲಿನ ಅಂತರ್ಯುದ್ಧದ ನಂತರ, 1871ರಲ್ಲಿ, ಸೈನಿಕರ ಗುರಿ ಸುಧಾರಿಸಬೇಕೆಂಬ ಕಾರಣಕ್ಕೆ ಆರಂಭವಾಯಿತು. ಇಂದು ಅದರ ಹೆಸರು ಕೇಳಿಬರುವುದು ಹೆಚ್ಚಾಗಿ ರಾಜಕೀಯದಲ್ಲಿ, ಅಲ್ಲಿನ ಒಲಿಂಪಿಕ್ ಶೂಟಿಂಗನ್ನು 1995ರಿಂದ ನೋಡಿಕೊಳ್ಳುತ್ತಿರುವುದು ಬೇರೊಂದು ಸಂಸ್ಥೆ.

ನಮ್ಮ ಸಂಸ್ಥೆ ಈ ಎರಡರ ಶಾಖೆಯೂ ಅಲ್ಲ, ಸರ್ಕಾರದ ಇಲಾಖೆಯೂ ಅಲ್ಲ. ಅದು 1951ರ ಏಪ್ರಿಲ್ 17ರಂದು ಸ್ಥಾಪನೆಯಾಯಿತು, ಲೋಕಸಭೆಯ ಮೊದಲ ಸ್ಪೀಕರ್ ಗಣೇಶ ವಾಸುದೇವ ಮಾವಳಂಕರ್ ಅದರ ಮೊದಲ ಅಧ್ಯಕ್ಷರಾಗಿದ್ದರು. ಮಗಳು ಎನ್‌ಸಿಸಿಯಲ್ಲಿ ಕೇಳಿರಬಹುದಾದ ‘ಮಾವಳಂಕರ್ ಚಾಂಪಿಯನ್‌ಶಿಪ್’ ಅವರ ಹೆಸರಿನದೇ. ರಾಜ್ಯ ಸಂಸ್ಥೆಗಳು ಇದಕ್ಕೆ ಸೇರಿಕೊಂಡಿರುತ್ತವೆ, ಇದು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟಕ್ಕೆ ಸೇರಿದೆ. ಹೀಗಾಗಿ ದಿಲ್ಲಿಗೆ ನೇರ ಪತ್ರ ಬರೆದು ಕಾಯುವುದರಿಂದ ಪ್ರಯೋಜನವಿಲ್ಲ, ಬಾಗಿಲು ಇರುವುದು ರಾಜ್ಯ ಸಂಸ್ಥೆಯಲ್ಲಿ.

ಆರಂಭದ ದಶಕಗಳಲ್ಲಿ ಈ ಕ್ರೀಡೆ ಬಹುಮಟ್ಟಿಗೆ ಅರಸು ಮನೆತನದವರ, ಸೈನಿಕರ ಮತ್ತು ಪೊಲೀಸರ ಕೈಯಲ್ಲಿತ್ತು, ಏಕೆಂದರೆ ಬಂದೂಕು, ಮದ್ದುಗುಂಡು, ಲೈಸೆನ್ಸ್, ಅಭ್ಯಾಸದ ಜಾಗ ಇವೆಲ್ಲ ಒಟ್ಟಿಗೆ ಸಿಗುತ್ತಿದ್ದುದು ಅವರಿಗೇ. 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದ ಕರಣಿ ಸಿಂಗ್ ಬಿಕಾನೇರದ ಮಹಾರಾಜರು. 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ದಿಲ್ಲಿಯ ತುಘಲಕಾಬಾದಿನಲ್ಲಿ ಕಟ್ಟಿದ ಶೂಟಿಂಗ್ ರೇಂಜಿಗೆ ಅವರದೇ ಹೆಸರಿದೆ. ಈ ಕ್ರೀಡೆಯನ್ನು ಸಾಮಾನ್ಯರ ಮನೆಗೆ ತಂದದ್ದು ಏರ್ ರೈಫಲ್, ಅಂದರೆ ಮದ್ದಿಲ್ಲದೆ ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕು, ಎಂಬುದು ನನ್ನ ದೃಢ ಅಭಿಪ್ರಾಯ. 10 ಮೀಟರ್ ಏರ್ ರೈಫಲ್ 1984ರಲ್ಲಿ ಒಲಿಂಪಿಕ್ಸ್ ಸೇರಿತು, 2008ರಲ್ಲಿ ಅಭಿನವ್ ಬಿಂದ್ರಾ ಅದೇ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. 2016ರ ರಿಯೋ ಒಲಿಂಪಿಕ್ಸ್‌ನ ಶೂಟಿಂಗಿನಲ್ಲಿ ಒಂದೂ ಪದಕ ಬಾರದಿದ್ದಾಗ ಸಂಸ್ಥೆ ಅದೇ ಬಿಂದ್ರಾ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು, ಆ ಸಮಿತಿ ಸಂಸ್ಥೆಯ ಕಾರ್ಯವೈಖರಿಯನ್ನೇ ಮುಲಾಜಿಲ್ಲದೆ ಟೀಕಿಸಿತು. ತನ್ನ ಆಟಗಾರನಿಂದಲೇ ಹೀಗೆ ವಿಮರ್ಶೆಗೆ ಒಳಗಾಗುವುದು ಯಾವ ಕ್ರೀಡಾ ಸಂಸ್ಥೆಗೂ ಸುಲಭವಲ್ಲ, ಅದಕ್ಕಾಗಿ ನನಗೆ ಅದರ ಮೇಲೆ ಗೌರವವಿದೆ. ಟೋಕಿಯೋದಲ್ಲೂ ಕೈ ಬರಿದಾಗಿಯೇ ಉಳಿದು, 2024ರ ಪ್ಯಾರಿಸ್‌ನಲ್ಲಿ ಮೂರು ಕಂಚು ಬಂದವು. ಅವುಗಳಲ್ಲಿ 50 ಮೀಟರ್ ರೈಫಲಿನ ಪದಕ ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ನಿಪ್ಪಾಣಿಯ ಆಚೆಗಿರುವ ಕೊಲ್ಲಾಪುರ ಜಿಲ್ಲೆಯ ಕಾಂಬಳವಾಡಿಯವರು. 2010ರಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಕೂಡ ಕೊಲ್ಲಾಪುರದವರೇ. ಗಡಿಯ ಆಚೆ ಆದದ್ದು ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಆಗಬಾರದೆಂದೇನಿಲ್ಲ.

ಆದ್ದರಿಂದ ಮಗಳನ್ನು ಏರ್ ರೈಫಲಿನಿಂದಲೇ ಆರಂಭಿಸಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ ವ್ಯಾಸದ ನಳಿಕೆಯ, 20 ಜೌಲ್ ಮೀರದ ಶಕ್ತಿಯ ಏರ್ ರೈಫಲಿಗೆ ಲೈಸೆನ್ಸ್ ಬೇಕಿಲ್ಲ. ಬಂದೂಕು ಕೊಳ್ಳುವ ಆತುರವೂ ಬೇಡ. ಮೊದಲು ತರಬೇತಿ ಕೇಂದ್ರದ ರೈಫಲಿನಲ್ಲೇ ಕಲಿಯಲಿ. ಕೇಂದ್ರ ನೋಡಲು ಹೋದಾಗ ಪದಕಗಳ ಫೋಟೋಕ್ಕಿಂತ ಮೊದಲು, ಹಾರಿಸದಿರುವಾಗ ಪ್ರತಿ ರೈಫಲಿನ ನಳಿಕೆಯೊಳಗೆ, ಗುಂಡಿಲ್ಲವೆಂದು ತೋರಿಸುವ ಬಣ್ಣದ ಸುರಕ್ಷತಾ ದಾರ ಹಾಯಿಸಿದ್ದಾರೆಯೇ, ಪೆಲೆಟ್ (ಏರ್ ರೈಫಲಿನ ಸಣ್ಣ ಗುಂಡು) ಮುಟ್ಟಿದ ಮಕ್ಕಳು ಊಟಕ್ಕೆ ಮುಂಚೆ ಕೈ ತೊಳೆಯುತ್ತಾರೆಯೇ ಎಂದು ನೋಡಿರಿ, ಪೆಲೆಟ್ ಸೀಸದ್ದು. ಟಾರ್ಗೆಟ್ಟಿನ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಮಾತ್ರ, ಪಂದ್ಯದಲ್ಲಿ 60 ಸಲ ಅದಕ್ಕೇ ಗುರಿಯಿಡಬೇಕು. ಮೊದಲ ತಿಂಗಳುಗಳಲ್ಲಿ ಅಂಕ ಕೇಳಿ ಅವಳನ್ನು ಅವಸರಪಡಿಸಬೇಡಿ. ಕೈ ಕುದುರಿದ ಮೇಲೆ ಕೇಂದ್ರದ ಮೂಲಕ ರಾಜ್ಯ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ, ರಾಷ್ಟ್ರೀಯ ಸಂಸ್ಥೆಯ ಶೂಟರ್ ಗುರುತಿನ ಸಂಖ್ಯೆ ಪಡೆಯಿರಿ. ಅಲ್ಲಿಂದ ರಾಜ್ಯ ಮಟ್ಟದ ಸ್ಪರ್ಧೆ, ನಂತರದ ಅರ್ಹತಾ ಸ್ಪರ್ಧೆಗಳು, ಅವುಗಳಲ್ಲಿ ನಿಗದಿತ ಅಂಕ ದಾಟಿದರೆ ರಾಷ್ಟ್ರೀಯ ಚಾಂಪಿಯನ್‌ಶಿಪ್. ಎನ್‌ಸಿಸಿ ತನ್ನದೇ ತಂಡವನ್ನು ಮಾವಳಂಕರ್ ಸ್ಪರ್ಧೆಗೆ ಕಳಿಸುವುದರಿಂದ, ಈ ವರ್ಷದ ಆಯ್ಕೆ ಶಿಬಿರ ಯಾವಾಗ ಎಂದು ಅವಳ ಕಾಲೇಜಿನ ಎನ್‌ಸಿಸಿ ಅಧಿಕಾರಿಯನ್ನು ಈ ವಾರವೇ ವಿಚಾರಿಸಿರಿ.