ಸಂಪಾದಕರ ಉತ್ತರ: ಆ ಬಾಟಲಿ ಎಲ್ಲಿಂದ ಬಂತು?

ಜಮಖಂಡಿ ತಾಲ್ಲೂಕಿನ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಸಾರ ಇಷ್ಟು: ‘ಪ್ರತಿ ವರ್ಷ ಕಸದಿಂದ ರಸ ಅಂತ ಪ್ರದರ್ಶನ ಮಾಡಿಸುತ್ತೇವೆ, ಘೋಷಣೆ ಕೂಗಿಸುತ್ತೇವೆ. ಮಕ್ಕಳು ಹಸಿ ಕಸ, ಒಣ ಕಸ ಬೇರೆ ಮಾಡಿಟ್ಟರೂ ಗಾಡಿಗೆ ಹೋಗುವಾಗ ಎಲ್ಲ ಒಂದೇ. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ಬೇರೆ. ಈ ಪಾಠ ನಮ್ಮ ಕೆಲಸವೇ? ಇದರಿಂದ ಏನಾದರೂ ಉಪಯೋಗ ಇದೆಯೇ?’

ಗುರುಗಳೇ, ನಿಮ್ಮ ಬೇಸರ ಅರ್ಥ ಆಗುತ್ತದೆ. ಬೇರೆ ಮಾಡಿಟ್ಟ ಕಸ ಕಣ್ಣೆದುರೇ ಒಂದಾದರೆ ಯಾವ ಮಗುವಿಗೆ ನಂಬಿಕೆ ಉಳಿಯುತ್ತದೆ? ಫಲಿತಾಂಶ ಕಡಿಮೆ ಬಂದರೆ ಉತ್ತರ ಕೊಡಬೇಕಾದವರು ನೀವೇ, ಅದೂ ನಿಜ. ಆದರೆ ಪಾಠವೇ ಬೇಡ ಅನ್ನಬೇಡಿ. ಪ್ರದರ್ಶನ ಬೇಡ ಅನ್ನಿ, ನಿಮ್ಮ ಜೊತೆ ನಾನೂ ಬರುತ್ತೇನೆ.

ಎರಡು ವರ್ಷದ ಹಿಂದೆ ಇಂಥದೇ ಒಂದು ಪ್ರದರ್ಶನಕ್ಕೆ ಅತಿಥಿಯಾಗಿ ಹೋಗಿದ್ದೆ. ಮೇಜಿನ ತುಂಬ ಬಾಟಲಿಯ ಹೂದಾನಿಗಳು, ಚಮಕಿ, ಬಣ್ಣ, ಥರ್ಮಾಕೋಲ್. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳದ್ದು ಬಹಳ ಚೆಂದ ಇತ್ತು. ಬಾಟಲಿ ಎಲ್ಲಿ ಸಿಕ್ಕಿತವ್ವಾ ಅಂತ ಕೇಳಿದೆ. ‘ಅಂಗಡಿಯಿಂದ ತಂದೆ ಸರ್. ಅರ್ಧ ಜ್ಯೂಸ್ ಕುಡಿದ್ವಿ, ಉಳಿದಿದ್ದು ಚೆಲ್ಲಿದ್ವಿ’ ಅಂದಳು. ಆ ಮಗುವಿನ ತಪ್ಪಲ್ಲ ಅದು. ನಾವು ಕೇಳಿದ್ದು ಹೂದಾನಿ, ಅವಳು ಕೊಟ್ಟಿದ್ದು ಹೂದಾನಿ. ಆ ಬಾಟಲಿ ಬೇಕಿತ್ತಾ ಅಂತ ನಾವು ಕೇಳಲೇ ಇಲ್ಲ. ಕಸ ಕಡಿಮೆ ಮಾಡುವುದು ಮೊದಲು, ಮತ್ತೆ ಬಳಸುವುದು ಆಮೇಲೆ, ಕರಗಿಸಿ ಹೊಸದು ಮಾಡುವುದು ಕಟ್ಟಕಡೆಗೆ. ನಾವು ಈ ಸಾಲನ್ನೇ ತಿರುಗಾಮುರುಗಾ ಮಾಡಿಬಿಟ್ಟಿದ್ದೇವೆ.

ನಿಮ್ಮ ಕೆಲಸವೇ ಅಂತ ಕೇಳಿದ್ದೀರಿ. ಪರಿಸರದ ಪರ ಹೋರಾಡಿದ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲೇ ಶಾಲೆಗಳಲ್ಲಿ ಪರಿಸರ ಕಲಿಸಬೇಕು ಅಂದಿತ್ತು, 2003ರಲ್ಲಿ ಅದನ್ನೇ ಮತ್ತೆ ಗಟ್ಟಿಯಾಗಿ ಹೇಳಿತು. ಆದರೆ ಕೋರ್ಟು ಹೇಳಿತು ಅಂತ ಮಾಡುವ ಪಾಠ ನನಗೂ ಬೇಡ. ಮಕ್ಕಳನ್ನು ಒಂದು ಮಧ್ಯಾಹ್ನ ಗುಜರಿ ಅಂಗಡಿಗೆ ಕರೆದುಕೊಂಡು ಹೋಗಿ, ಸಾಕು. ನಾನು ಅಲ್ಲಿ ರದ್ದಿ ಹಾಕಲು ಹೋದಾಗ ಸುಮ್ನೆ ನಿಂತು ನೋಡುತ್ತಿರುತ್ತೇನೆ. ಅಂಗಡಿ ನಡೆಸುವ ಆತ ಡಬ್ಬಿಗೆ ಅಯಸ್ಕಾಂತ ಹಿಡಿಯುತ್ತಾನೆ. ಅಂಟಿದರೆ ಕಬ್ಬಿಣದ ರಾಶಿಗೆ, ಅಂಟದಿದ್ದರೆ ಅಲ್ಯುಮಿನಿಯಂ ರಾಶಿಗೆ. ನೀರಿನ ಬಾಟಲಿ ಒಂದು ಚೀಲಕ್ಕೆ, ಶಾಂಪೂ ಡಬ್ಬಿ ಇನ್ನೊಂದಕ್ಕೆ. ಬಾಟಲಿಯ ತಳದ ತ್ರಿಕೋನದೊಳಗೆ 1 ಇದ್ದರೆ ಪೆಟ್ ಎಂಬ ಪ್ಲಾಸ್ಟಿಕ್ಕು, 2 ಇದ್ದರೆ ಎಚ್‌ಡಿಪಿಇ ಎಂಬ ಇನ್ನೊಂದು ಬಗೆ. ಅದನ್ನು ಓದದೆ, ಕೈಯಲ್ಲಿ ಹಿಸುಕಿಯೇ ಹೇಳಿಬಿಡುತ್ತಾನೆ. ಚಿಪ್ಸ್ ಪಾಕೀಟು ಸಿಕ್ಕರೆ ಮಾತ್ರ ಪಕ್ಕಕ್ಕೆ ಎಸೆದು ‘ಇದಕ್ಕೆ ರೇಟಿಲ್ಲ’ ಅನ್ನುತ್ತಾನೆ.

ಯಾಕೆ ರೇಟಿಲ್ಲ? ಅಲ್ಲಿಂದ ನಿಮ್ಮ ವಿಜ್ಞಾನ ಶುರುವಾಗಲಿ. ಆ ಪಾಕೀಟಿನಲ್ಲಿ ಪ್ಲಾಸ್ಟಿಕ್ಕಿನ ಪದರಿಗೆ ಅಲ್ಯುಮಿನಿಯಂನ ತೆಳು ಪದರು ಅಂಟಿರುತ್ತದೆ, ಬಿಡಿಸುವ ಖರ್ಚೇ ಜಾಸ್ತಿ. ಅದೇ ಅಲ್ಯುಮಿನಿಯಂ ಡಬ್ಬಿಯಾಗಿ ಬಂದರೆ ಎಷ್ಟು ಸಲ ಬೇಕಾದರೂ ಕರಗಿಸಬಹುದು, ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ ಶೇ 95ರಷ್ಟು ಶಕ್ತಿ ಉಳಿಯುತ್ತದೆ. ಕಾಗದ ಹಾಗಲ್ಲ. ಐದಾರು ಸಲ ಆದ ಮೇಲೆ ಅದರ ನಾರು ಗಿಡ್ಡಾಗಿ ಕೆಲಸಕ್ಕೆ ಬರುವುದಿಲ್ಲ. ಹೈಸ್ಕೂಲಿನ ಮಕ್ಕಳಿಗೆ ಇದು ತಿಳಿಯದ್ದೇನಲ್ಲ. ಅವರನ್ನು ಅಂಗನವಾಡಿಯವರ ಹಾಗೆ ಅಂಟು, ಕತ್ತರಿ ಕೊಟ್ಟು ಕೂರಿಸಬಾರದು.

ಇನ್ನು ನಿಮ್ಮ ಸುತ್ತಮುತ್ತ ಇರುವುದು ಬರೀ ಕಬ್ಬು. ಸಕ್ಕರೆ ಕಾರ್ಖಾನೆಯಲ್ಲಿ ಸಿಪ್ಪೆ ಉರಿಸಿ ಕರೆಂಟು ಮಾಡುತ್ತಾರೆ, ಕಾಕಂಬಿಯಿಂದ ಎಥೆನಾಲ್ ತೆಗೆಯುತ್ತಾರೆ, ಉಳಿದ ಮಡ್ಡಿ ಗೊಬ್ಬರವಾಗಿ ಹೊಲಕ್ಕೆ ವಾಪಸ್ ಬರುತ್ತದೆ. ಅದೇ ಊರಿನಲ್ಲಿ ಕಟಾವು ಮುಗಿದ ಮರುದಿನ ರವದಿಗೆ, ಅಂದರೆ ಹೊಲದಲ್ಲಿ ಉಳಿದ ಕಬ್ಬಿನ ಒಣ ಎಲೆಗೆ, ಬೆಂಕಿ ಬೀಳುತ್ತದೆ! ಸಾಲಿನ ನಡುವೆ ಹಾಗೇ ಬಿಟ್ಟರೆ ತೇವ ಹಿಡಿದಿಡುತ್ತದೆ, ಕೊಳೆತು ಮಣ್ಣಿಗೆ ಸೇರುತ್ತದೆ. ಅಪ್ಪನ ಹತ್ತಿರ ಈ ಮಾತು ಆಡಬಲ್ಲ ಮಗ ಅಥವಾ ಮಗಳು ನಿಮ್ಮ ಎದುರು ಬೆಂಚಿನ ಮೇಲೆ ಕೂತಿದ್ದಾರೆ.

ನನ್ನ ಅಜ್ಜಿ ಶಾಲೆ ಕಂಡವಳಲ್ಲ. ಅವಳು ಹೊಲಿದ ಕೌದಿ ಇನ್ನೂ ನನ್ನ ಹತ್ತಿರ ಇದೆ. ಒಳಗೆ ಹಳೇ ಧೋತರ, ಮೇಲೆ ಇಳಕಲ್ ಸೀರೆಯ ತುಂಡು, ಒಂದು ಅಂಚಿಗೆ ನನ್ನದೇ ಚಡ್ಡಿಯ ನೀಲಿ ಬಟ್ಟೆ. ಹಿಂದಿನ ಕೌದಿ ಹರಿದಾಗ ಅದು ಅರಿವೆಯಾಯಿತು, ನೆಲ ಒರೆಸಿ ಒರೆಸಿ ಎಳೆ ಬಿಟ್ಟ ಮೇಲೆ ತಿಪ್ಪೆಗೆ ಹೋಯಿತು. ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆಯ ಹಳೇ ಮನೆ ಬಿಟ್ಟಾಗ ನಮ್ಮಪ್ಪ ಬಾಗಿಲು, ಚೌಕಟ್ಟು, ತೊಲೆ ಎಲ್ಲ ಬಿಚ್ಚಿ ನವನಗರಕ್ಕೆ ಹೊತ್ತು ತಂದ. ಈಗಲೂ ದಿನಾ ಆ ಬಾಗಿಲನ್ನೇ ತೆಗೆದು ಹೊರಗೆ ಬರುತ್ತೇನೆ. ನಿಮ್ಮ ಮಕ್ಕಳ ಮನೆಯಲ್ಲೂ ಇಂಥ ಅಜ್ಜಿಯರು ಇದ್ದಾರೆ. ಅವರನ್ನು ಒಮ್ಮೆ ತರಗತಿಗೆ ಕರೆಸಿ.

ನನಗೆ ಸಿಟ್ಟು ಬರುವುದು ದೊಡ್ಡವರ ಮೇಲೆ. ಪರಿಸರ ದಿನಕ್ಕೆ ಫ್ಲೆಕ್ಸ್ ಹಾಕುತ್ತೇವೆ, ಅದು ಪಿವಿಸಿ ಎಂಬ ಪ್ಲಾಸ್ಟಿಕ್ಕು. ವೇದಿಕೆಯ ಮೇಲೆ ಒಬ್ಬೊಬ್ಬರ ಮುಂದೆ ಒಂದೊಂದು ನೀರಿನ ಬಾಟಲಿ. ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾಗಿದ್ದು 2016ರಲ್ಲಿ, ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾಗಳನ್ನು ದೇಶದಲ್ಲೇ ನಿಷೇಧಿಸಿದ್ದು 2022ರ ಜುಲೈ 1ರಿಂದ. ಆದರೂ ಸಂತೆಗೆ ಬರಿಗೈಲಿ ಹೋಗಿ ಆರು ಚೀಲ ತರುತ್ತೇವೆ. ಎಷ್ಟೋ ಶಾಲೆಗಳಲ್ಲಿ ಶನಿವಾರ ಕಸ ಗುಡಿಸಿ ಹಿತ್ತಲಲ್ಲಿ ಬೆಂಕಿ ಹಚ್ಚುತ್ತಾರೆ, ಮಕ್ಕಳ ಕೈಯಿಂದಲೇ. ಪಿವಿಸಿ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ದಯವಿಟ್ಟು ನಿಮ್ಮ ಶಾಲೆಯಲ್ಲಿ ಅದನ್ನು ಇವತ್ತೇ ನಿಲ್ಲಿಸಿ. ಗುಜರಿಯವನನ್ನೂ ಪೌರಕಾರ್ಮಿಕರನ್ನೂ ಏಕವಚನದಲ್ಲಿ ಕೂಗುವ ನಾವು ಮಕ್ಕಳಿಗೆ ಸ್ವಚ್ಛತೆಯ ಪ್ರಮಾಣವಚನ ಬೋಧಿಸುತ್ತೇವೆ. ನಾನೂ ಮೇಲೆ ‘ಆತ’ ಅಂತಲೇ ಬರೆದೆ, ನೋಡಿ. ಅವರು ಅಂತ ಬರೆಯಬೇಕಿತ್ತು.

ಗಾಡಿಯಲ್ಲಿ ಎಲ್ಲ ಒಂದಾಗುತ್ತದೆ ಅಂದಿರಲ್ಲ, ಹಾಗಾದರೆ ಗಾಡಿಗೆ ಕೊಡುವುದನ್ನೇ ಕಡಿಮೆ ಮಾಡಿ. ಬಿಸಿಯೂಟದ ತರಕಾರಿ ಸಿಪ್ಪೆ, ಉಳಿದ ಅನ್ನ, ಬೇವಿನ ಎಲೆ ಶಾಲೆಯ ಗುಂಡಿಗೆ ಹೋಗಲಿ. ರದ್ದಿ, ಬಾಟಲಿ ಗುಜರಿಗೆ. ಆಮೇಲೆ ಉಳಿಯುವುದು ಬಹುಪಾಲು ಪಾಕೀಟುಗಳು. ಅವನ್ನು ಮಕ್ಕಳೇ ವಾರಕ್ಕೊಮ್ಮೆ ತೂಗಿ ಗೋಡೆಯ ಮೇಲೆ ಬರೆಯಲಿ. ಹತ್ತನೇ ತರಗತಿಯವರನ್ನು ಬಿಡಿ, ಎಂಟನೆಯವರು ಸಾಕು. ನನ್ನ ಹತ್ತಿರ ಒಂದು ಕೊಕ್ಕೆ ತಕ್ಕಡಿ ಇದೆ, ಮುಂದಿನ ವಾರ ಜಮಖಂಡಿಗೆ ಬರುವವನಿದ್ದೇನೆ. ತಂದುಕೊಡುತ್ತೇನೆ, ಶಾಲೆ ಬಿಡುವ ಹೊತ್ತು ಎಷ್ಟು ಅಂತ ಒಂದು ಸಾಲು ಬರೆದು ತಿಳಿಸಿ.